ಕಡಲಲ್ಲಿ ಕಳೆದ ದಿನಗಳಿಗೆ ರಸೀದಿ ಕೊಡುವವರು ಯಾರು?

ಇಂಜಿನಿಯರಿಂಗ್ ಮುಗಿಸಿದ ವರ್ಷ ನಮ್ಮ ಹಾಸ್ಟೆಲ್ಲಿನ ಬಹುತೇಕ ಎಲ್ಲರೂ ಬೆಂಗಳೂರಿನ ಬಸ್ ಹತ್ತಿದೆವು. ಒಬ್ಬ ಮಾತ್ರ, ಮೆಕ್ಯಾನಿಕಲ್‌ನವನು, ‘ನಾನು ಹಡಗಿಗೆ ಹೋಗ್ತೀನಿ’ ಅಂದ. ಮೆಕ್ಯಾನಿಕಲ್ ಪದವೀಧರರಿಗೆಂದೇ ಇರುವ ಮರ್ಚೆಂಟ್ ನೇವಿ ಕೋರ್ಸ್ ಸೇರಿದ. ಮನೆಯವರು ಸಾಲ ಮಾಡಿ ಫೀಸು ಕಟ್ಟಿದರು. ಕೋರ್ಸ್ ಮುಗಿಯಿತು, ಬಿಳಿ ಯೂನಿಫಾರ್ಮಿನ ಫೋಟೊ ಫೇಸ್‌ಬುಕ್ಕಿಗೂ ಬಂತು. ಆಮೇಲೆ ಪರೀಕ್ಷೆ ಬರೆದು ಅಧಿಕಾರಿಯಾಗಲು ಅವನಿಗೆ ಬೇಕಿದ್ದದ್ದು ಹಡಗಿನ ಮೇಲೆ ಆರು ತಿಂಗಳು. ಆ ಆರು ತಿಂಗಳಿಗಾಗಿ ನವಿ ಮುಂಬೈಯ ಒಂದು ರೂಮಿನಲ್ಲಿ ಇನ್ನೂ ಐದು ಹುಡುಗರ ಜತೆ ಅವನು ಕಾದದ್ದು ಹದಿನೆಂಟು ತಿಂಗಳು.

ಅದೇ ಕಾಲದಲ್ಲಿ ಮಲ್ಪೆಯಲ್ಲಿ ನನಗೆ ಪರಿಚಯವಾದ ಒಬ್ಬ ತಾಂಡೇಲರಿದ್ದರು. ತಾಂಡೇಲ ಅಂದರೆ ಬೋಟಿನ ನಾಯಕ. 2025ರಲ್ಲಿ ಬಂದ ತೆಲುಗು ಸಿನಿಮಾದ ಹೆಸರಿನಿಂದ ಈಗ ಕರಾವಳಿಯಾಚೆಯವರಿಗೂ ಈ ಪದ ಗೊತ್ತು. ಹದಿನಾರನೇ ವಯಸ್ಸಿಗೆ ಕಲಾಸಿಯಾಗಿ ಬೋಟು ಹತ್ತಿದವರು, 26 ವರ್ಷದಿಂದ ಸಮುದ್ರದಲ್ಲಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಬಿಟ್ಟರೆ ಉಳಿದಂತೆ ಆಳಸಮುದ್ರವೇ ಮನೆ. ಒಮ್ಮೆ ಹೊರಟರೆ ಹತ್ತು ದಿನ. ಬಂದು ಮೀನು ಇಳಿಸಿ, ಐಸು, ಡೀಸೆಲ್, ಅಕ್ಕಿ ತುಂಬಿಸಿಕೊಂಡು ಮತ್ತೆ ಹೊರಡುವುದು. ವರ್ಷಕ್ಕೆ 200 ದಿನ ಅಂತ ಕಡಿಮೆಯೇ ಹಿಡಿಯಿರಿ. 26 ವರ್ಷಕ್ಕೆ 5,200 ದಿನ ಆಯ್ತು. ತಿಂಗಳ ಲೆಕ್ಕದಲ್ಲಿ 170ಕ್ಕೂ ಹೆಚ್ಚು.

ನನ್ನ ಗೆಳೆಯನಿಗೆ ಆರು ತಿಂಗಳು ಸಿಗುತ್ತಿರಲಿಲ್ಲ. ಇವರ ಬಳಿ 170 ತಿಂಗಳು ಇದೆ, ಆದರೆ ಸರಕು ಹಡಗಿನ ಅಧಿಕಾರಿಯ ಪರೀಕ್ಷೆಗೆ ಕೂರಬೇಕು ಅಂದರೆ ಕಾಗದದ ಮೇಲೆ ಅದು ಸೊನ್ನೆ.

ಈ ಎರಡು ಕತೆಗಳ ನಡುವೆ ಇರುವುದು ಒಂದೇ ಪದ: ‘ಸೀ ಟೈಮ್’. ಹಡಗು ಅಥವಾ ದೋಣಿ ನಡೆಸುವ ಲೈಸೆನ್ಸ್‌ಗೆ ಪುಸ್ತಕ ಓದಿದರೆ ಸಾಲದು, ಇಷ್ಟು ದಿನ ನೀರಿನ ಮೇಲೆ ಕಳೆದಿರಬೇಕು ಎಂಬ ನಿಯಮ. ಕೇಳಲು ಸರಳ. ಆದರೆ ಯಾವ ನೀರು, ಎಷ್ಟು ದೊಡ್ಡ ದೋಣಿ, ಯಾವ ಕೆಲಸ, ಯಾರ ಸಹಿ ಅಂತ ಕೇಳುತ್ತಾ ಹೋದ ಹಾಗೆ ಇದು ಕಡಲಿಗಿಂತ ಹೆಚ್ಚಾಗಿ ನೆಲದ ಮೇಲಿನ ವ್ಯವಹಾರ ಅನ್ನುವುದು ಗೊತ್ತಾಗುತ್ತೆ.

ಒಂದು ದಿನ ಅಂದ್ರೆ ಎಷ್ಟು ಗಂಟೆ?

ಕಾರಿನ ಲೈಸೆನ್ಸ್ ನೆನಪಿಸಿಕೊಳ್ಳಿ. ಎಲ್‌ಎಲ್ ಮಾಡಿಸಿ 30 ದಿನ ಕಳೆದರೆ ಡ್ರೈವಿಂಗ್ ಟೆಸ್ಟ್‌ಗೆ ಹೋಗಬಹುದು. ಆ 30 ದಿನ ನೀವು ಸ್ಟೇರಿಂಗ್ ಮುಟ್ಟಿದ್ರಾ, ಇಲ್ಲಾ ಮನೆಯಲ್ಲಿ ಮಲಗಿದ್ರಾ ಅಂತ ಆರ್‌ಟಿಒದಲ್ಲಿ ಯಾರೂ ಕೇಳಲ್ಲ. ಕಡಲಿನಲ್ಲಿ ಹಾಗಲ್ಲ. ಅಲ್ಲಿ ದಿನವೇ ನಾಣ್ಯ.

ದಿನ ಎಣಿಸುವುದರಲ್ಲಿ ಅಮೆರಿಕದ ಸಣ್ಣ ದೋಣಿಗಳ ವ್ಯವಸ್ಥೆ ತುಂಬಾ ಬಿಚ್ಚಿಟ್ಟ ವ್ಯವಸ್ಥೆ, ಹಾಗಾಗಿ ಮೊದಲು ಅಲ್ಲಿಂದ ನೋಡೋಣ. ಆರು ಮಂದಿ ಪ್ರಯಾಣಿಕರನ್ನು ದುಡ್ಡು ತೆಗೆದುಕೊಂಡು ಕರೆದೊಯ್ಯುವ ದೋಣಿಗೆ ಅಲ್ಲಿನ ಕೋಸ್ಟ್ ಗಾರ್ಡ್ ಒಂದು ಲೈಸೆನ್ಸ್ ಕೊಡುತ್ತೆ. ಆಡುಮಾತಿನಲ್ಲಿ ಅದಕ್ಕೆ ‘ಸಿಕ್ಸ್ ಪ್ಯಾಕ್’ ಅಂತಾರೆ. ಜಿಮ್‌ಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಬೇಕಾದದ್ದು 360 ದಿನಗಳ ಸೀ ಟೈಮ್, ಅದರಲ್ಲಿ 90 ದಿನ ಇತ್ತೀಚಿನ ವರ್ಷಗಳದ್ದಾಗಿರಬೇಕು. ಸಾಮಾನ್ಯವಾಗಿ ಒಂದು ದಿನ ಅಂದರೆ ಎಂಟು ಗಂಟೆ. ಆದರೆ 100 ಟನ್‌ಗಿಂತ ಚಿಕ್ಕ ದೋಣಿಯಾದರೆ ನಾಲ್ಕು ಗಂಟೆ ಕಳೆದರೂ ಒಂದು ದಿನ ಅಂತ ಒಪ್ಪುತ್ತಾರೆ. ಸಣ್ಣ ದೋಣಿಗೆಂದೇ ಒಂದು ಫಾರ್ಮ್ ಇದೆ. ದೋಣಿಯ ಹೆಸರು, ಉದ್ದ, ಯಾವ ವರ್ಷದ ಯಾವ ತಿಂಗಳು ಎಷ್ಟು ದಿನ, ಕರೆಯಿಂದ ಎಷ್ಟು ದೂರ, ನೀವು ಮಾಡಿದ ಕೆಲಸ ಏನು ಅಂತ ತುಂಬಬೇಕು. ಬೇರೆಯವರ ದೋಣಿಯಾದರೆ ಮಾಲೀಕರ ಅಥವಾ ನಾಯಕರ ಸಹಿ. ನಿಮ್ಮದೇ ದೋಣಿಯಾದರೆ ಮಾಲೀಕತ್ವದ ದಾಖಲೆ ತೋರಿಸಿ ನೀವೇ ಸಹಿ ಹಾಕಬಹುದು. ಸುಳ್ಳು ಬರೆದರೆ ಫೆಡರಲ್ ಅಪರಾಧ.

ಅಂದರೆ ಸ್ಯಾನ್ ಡಿಯಾಗೊದಲ್ಲಿ ಸ್ವಂತ ದೋಣಿ ಇರುವ ಒಬ್ಬ ಮನುಷ್ಯ ಭಾನುವಾರ ನಾಲ್ಕು ಗಂಟೆ ಗಾಳ ಹಾಕಿಕೊಂಡು ಬಂದರೆ ಅವನ ಖಾತೆಗೆ ಒಂದು ದಿನ ಜಮಾ. ಮೀನುಗಾರಿಕೆ ದೋಣಿಯಲ್ಲಿ ಸಂಬಳಕ್ಕೆ ದುಡಿದವನಿಗೂ ಹಾಗೇ ಜಮಾ. ವಾರಾಂತ್ಯದ ದೋಣಿಪ್ರಿಯರು ಏಳೆಂಟು ವರ್ಷ ಹೀಗೆ ಕೂಡಿಸಿ, ನಿವೃತ್ತಿಯ ನಂತರ ಪ್ರವಾಸಿಗರನ್ನು ಕರೆದೊಯ್ಯುವ ಕ್ಯಾಪ್ಟನ್ ಆಗುವುದು ಅಲ್ಲಿ ಮಾಮೂಲು. 100 ಟನ್‌ವರೆಗಿನ ದೋಣಿಯ ‘ಮಾಸ್ಟರ್’ ಆಗಿ ಕರೆಯಂಚಿನ ಸಮುದ್ರಕ್ಕೆ ಹೋಗಬೇಕೆಂದರೆ 720 ದಿನ ಬೇಕು. ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಗೆ ಒಂದು ಮಾತು: ಪೌರತ್ವ ಇಲ್ಲದವರಿಗೂ ಈ ಆರು ಜನರ ಲೈಸೆನ್ಸ್ ಸಿಗುತ್ತೆ, ಆದರೆ ಐದು ನೆಟ್ ಟನ್‌ಗಿಂತ ಚಿಕ್ಕ ದೋಣಿಗಳಿಗಷ್ಟೇ.

ಈ ವ್ಯವಸ್ಥೆಯನ್ನು ಹೊಗಳಲು ಇದನ್ನೆಲ್ಲ ಹೇಳುತ್ತಿಲ್ಲ. ಸ್ವಂತ ದೋಣಿ ಇದ್ದವನು ತನಗೆ ತಾನೇ ಸಹಿ ಹಾಕಿಕೊಳ್ಳಬಹುದು, ಇಲ್ಲದವನು ಮಾಲೀಕನ ಮುಂದೆ ನಿಲ್ಲಬೇಕು. ಅಲ್ಲಿಯೂ ವರ್ಗ ಇದೆ. ಆದರೆ ಒಂದು ವಿಷಯವನ್ನು ಅದು ಒಪ್ಪಿಕೊಂಡಿದೆ: ನೀರಿನ ಮೇಲೆ ಕಲಿತದ್ದು ಎಲ್ಲಿ ಕಲಿತರೂ ಕಲಿಕೆಯೇ.

ಹಡಗು ಸಿಗದವರ ಸರದಿ

ದೊಡ್ಡ ಹಡಗುಗಳ ಲೋಕ ಬೇರೆ. ಅಲ್ಲಿ ಎಲ್ಲ ದೇಶಗಳೂ ಒಂದೇ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಬರುತ್ತವೆ. ಎಸ್‌ಟಿಸಿಡಬ್ಲ್ಯೂ ಅಂತ ಕರೆಯುವ ಈ ಒಪ್ಪಂದ 1978ರದ್ದು, ಜಾರಿಗೆ ಬಂದದ್ದು 1984ರಲ್ಲಿ. 1995 ಮತ್ತು 2010ರಲ್ಲಿ ದೊಡ್ಡ ತಿದ್ದುಪಡಿಗಳಾದವು. 500 ಟನ್ ಮೇಲಿನ ಹಡಗಿನಲ್ಲಿ ಪಾಳಿ ಅಧಿಕಾರಿಯಾಗಬೇಕೆಂದರೆ, ಮಾನ್ಯತೆ ಪಡೆದ ತರಬೇತಿಯ ಭಾಗವಾಗಿ ಕನಿಷ್ಠ 12 ತಿಂಗಳು ಸೀ ಟೈಮ್ ಬೇಕು. ಅಂಥ ತರಬೇತಿ ಇಲ್ಲದೆ ಕೆಳಹಂತದಿಂದ ಬರುವವರಿಗೆ 36 ತಿಂಗಳು. 3,000 ಟನ್ ಮೇಲಿನ ಹಡಗಿನ ಕ್ಯಾಪ್ಟನ್ ಆಗಲು ಅಧಿಕಾರಿಯಾಗಿ ಮತ್ತೆ 36 ತಿಂಗಳು. ಅದರಲ್ಲಿ 12 ತಿಂಗಳು ಚೀಫ್ ಮೇಟ್ ಆಗಿ ದುಡಿದಿದ್ದರೆ 24ಕ್ಕೆ ಇಳಿಯುತ್ತೆ. ಇದು ಕನಿಷ್ಠ ಮಿತಿ, ದೇಶಗಳು ಇದಕ್ಕಿಂತ ಹೆಚ್ಚು ಕೇಳಬಹುದು. ಭಾರತದಲ್ಲಿ ಮೂರು ವರ್ಷದ ನಾಟಿಕಲ್ ಸೈನ್ಸ್ ಬಿಎಸ್ಸಿ ಮಾಡಿದ ಕೆಡೆಟ್‌ಗೆ 12 ತಿಂಗಳು, ಒಂದು ವರ್ಷದ ಡಿಪ್ಲೊಮಾ ಮಾಡಿದವರಿಗೆ 18 ತಿಂಗಳು.

ತಿಂಗಳು ಕಳೆದರೆ ಮಾತ್ರ ಸಾಲದು. ಕೆಡೆಟ್ ಕೈಯಲ್ಲಿ ಒಂದು ದಪ್ಪ ತರಬೇತಿ ದಾಖಲೆ ಪುಸ್ತಕ ಇರುತ್ತೆ. ಲಂಗರು ಇಳಿಸಿದ್ದು, ನಕಾಶೆ ತಿದ್ದಿದ್ದು, ರಾತ್ರಿ ಪಾಳಿಯಲ್ಲಿ ಎದುರು ಹಡಗಿನ ದೀಪ ಗುರುತಿಸಿದ್ದು, ಪ್ರತಿ ಕೆಲಸಕ್ಕೂ ಮೇಲಧಿಕಾರಿಯ ಸಹಿ. ಹತ್ತಿದ ದಿನ, ಇಳಿದ ದಿನ ಸಿಡಿಸಿ ಎಂಬ ಪುಸ್ತಕದಲ್ಲಿ ದಾಖಲಾಗುತ್ತೆ. ನಾವಿಕನ ಜಾತಕ ಅಂದರೂ ನಡೆದೀತು. ತಮಾಷೆ ಅಂದ್ರೆ ಆದಾಯ ತೆರಿಗೆ ಇಲಾಖೆಯೂ ಅನಿವಾಸಿ ಸ್ಥಾನ ಲೆಕ್ಕ ಹಾಕಲು ವಿದೇಶ ಯಾನದ ಇದೇ ತಾರೀಖುಗಳನ್ನು ನೋಡುತ್ತೆ. ಹಾಗಾಗಿ ಒಂದು ಕಡೆ ಪರೀಕ್ಷೆಗೆ ದಿನ ಎಣಿಸುವ ಹುಡುಗರು, ಇನ್ನೊಂದು ಕಡೆ ತೆರಿಗೆಗೆ ದಿನ ಎಣಿಸುವ ಹಿರಿಯರು, ಇಬ್ಬರ ಬೆರಳೂ ಒಂದೇ ಪುಸ್ತಕದ ಮೇಲೆ.

ಈಗ ಅಸಲಿ ಸಮಸ್ಯೆಗೆ ಬರೋಣ. ಕಾಲೇಜು ಸೀಟು ಕೊಡುತ್ತೆ, ಹಡಗು ಕೊಡಲ್ಲ. ದೊಡ್ಡ ಸರಕು ಹಡಗೊಂದರಲ್ಲಿ ಒಟ್ಟು ಸಿಬ್ಬಂದಿಯೇ ಇಪ್ಪತ್ತು ಚಿಲ್ಲರೆ. ಕ್ಯಾಬಿನ್‌ಗಳಿಗೆ ಮಿತಿ ಇದೆ, ಲೈಫ್‌ಬೋಟ್‌ನ ಜಾಗಕ್ಕೂ ಮಿತಿ ಇದೆ. ಅದರಲ್ಲಿ ಕೆಡೆಟ್‌ಗಳಿಗೆ ಸಿಗುವುದು ಎರಡೋ ಮೂರೋ ಜಾಗ. ಕಂಪನಿಗೆ ಕೆಡೆಟ್ ಅಂದರೆ ಇವತ್ತಿನ ಖರ್ಚು, ಐದು ವರ್ಷದ ನಂತರದ ಲಾಭ. ಆ ಲಾಭವೂ ಬೇರೆ ಕಂಪನಿಗೆ ಹಾರಿ ಹೋಗಬಹುದು. 2004ರಲ್ಲಿ ಭಾರತ ಸರ್ಕಾರ ಹಡಗು ಕಂಪನಿಗಳಿಗೆ ಲಾಭದ ಬದಲು ಹಡಗಿನ ಟನ್ ಲೆಕ್ಕದಲ್ಲಿ ತೆರಿಗೆ ಕಟ್ಟುವ ರಿಯಾಯಿತಿ ಕೊಟ್ಟಾಗ, ಅದಕ್ಕೆ ಬದಲಾಗಿ ಇಂತಿಷ್ಟು ತರಬೇತಿ ಅಧಿಕಾರಿಗಳನ್ನು ಹಡಗಿಗೆ ಹತ್ತಿಸಿಕೊಳ್ಳಬೇಕು ಎಂಬ ಷರತ್ತು ಹಾಕಿತು. ಒಳ್ಳೆಯ ಷರತ್ತೇ. ಆದರೆ ಅದು ಆ ರಿಯಾಯಿತಿ ಪಡೆಯುವ ಭಾರತೀಯ ಕಂಪನಿಗಳಿಗೆ ಮಾತ್ರ. ನಮ್ಮ ನಾವಿಕರಲ್ಲಿ ಹೆಚ್ಚಿನವರು ದುಡಿಯುವುದು ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳ ಬಾವುಟ ಹಾರಿಸುವ ಹಡಗುಗಳಲ್ಲಿ.

ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ಐದು ದೇಶಗಳಲ್ಲಿ ನಾವೂ ಒಬ್ಬರು ಅಂತ ನಮ್ಮ ಸಚಿವರು ಭಾಷಣದಲ್ಲಿ ಹೇಳುತ್ತಾರೆ. ನಿಜವೂ ಹೌದು. ಸಿಡಿಸಿ ಹಿಡಿದು ರೂಮಿನಲ್ಲಿ ಕೂತಿರುವವರ ಸಂಖ್ಯೆ ಮಾತ್ರ ಯಾವ ಭಾಷಣದಲ್ಲೂ ಕೇಳಿಲ್ಲ.

ಕೊರತೆ ಇದ್ದಲ್ಲಿ ದಲ್ಲಾಳಿ ಹುಟ್ಟುತ್ತಾನೆ. ನನ್ನ ಗೆಳೆಯನಿಗೆ ಒಬ್ಬ ಏಜೆಂಟ್ ‘ಮೂರು ಲಕ್ಷ ಕೊಡು, ಮುಂದಿನ ತಿಂಗಳು ಹಡಗು’ ಅಂದಿದ್ದ. ಇದು ಅಪ್ಪಟ ಕಾನೂನುಬಾಹಿರ. 2006ರ ಸಾಗರ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ ಕೆಲಸ ಕೊಡಿಸಲು ನಾವಿಕನಿಂದ ಫೀಸು ಪಡೆಯುವಂತಿಲ್ಲ; ಪಾಸ್‌ಪೋರ್ಟ್, ನಾವಿಕ ಪುಸ್ತಕ, ವೈದ್ಯಕೀಯ ಸರ್ಟಿಫಿಕೇಟ್ ಇಷ್ಟರ ಖರ್ಚು ಮಾತ್ರ ಅವನದು. ನಾವಿಕರನ್ನು ನೇಮಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಕಡ್ಡಾಯ, ಅದು ಯಾರ್ಯಾರಿಗೆ ಇದೆ ಅನ್ನುವ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿದೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಹಡಗಿಗಾಗಿ ಕಾಯುತ್ತಿದ್ದರೆ, ಯಾರಿಗಾದರೂ ದುಡ್ಡು ಕೊಡುವ ಮೊದಲು ಆ ಪಟ್ಟಿ ನೋಡಿ. ಪಟ್ಟಿಯಲ್ಲಿ ಹೆಸರಿದ್ದರೂ ದುಡ್ಡು ಕೊಡಬೇಡಿ.

ಗೆಳೆಯ ದುಡ್ಡು ಕೊಡಲಿಲ್ಲ. ಕೊಡಲು ಇರಲಿಲ್ಲ ಅನ್ನುವುದು ಹೆಚ್ಚು ಸರಿ. ಅವನ ರೂಮಿನ ಐವರಲ್ಲಿ ಇಬ್ಬರು ಕೊಟ್ಟರು. ಒಬ್ಬನಿಗೆ ಹಡಗು ಸಿಕ್ಕಿತು, ಇನ್ನೊಬ್ಬನಿಗೆ ಏಜೆಂಟನ ಫೋನ್ ಸ್ವಿಚ್ ಆಫ್ ಆಗಿ ಸಿಕ್ಕಿತು.

2020ರಲ್ಲಿ ಇದು ತಲೆಕೆಳಗಾಯಿತು. ಕೋವಿಡ್‌ನಿಂದ ಬಂದರುಗಳು ಮುಚ್ಚಿ, ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಸಿಕ್ಕಿಕೊಂಡರು. ಅವರಿಗೆ ಬೇಡವಾದ ಸೀ ಟೈಮ್ ಏರುತ್ತಾ ಹೋಯಿತು. ಅವರು ಇಳಿದರೆ ತಾನೇ ಹತ್ತಬೇಕಾದವರಿಗೆ ಜಾಗ? ಇಲ್ಲಿ ದಡದಲ್ಲಿದ್ದವರ ಲೆಕ್ಕ ನಿಂತಲ್ಲೇ ನಿಂತಿತು.

ಸಹಿ ಹಾಕುವವನ ಕೈ

ಇಷ್ಟು ಕಷ್ಟಪಟ್ಟು ಹಡಗು ಹತ್ತಿದ ಮೇಲೆ ಆ ಹುಡುಗ ಅಥವಾ ಹುಡುಗಿ ಏನನ್ನೂ ಕಳೆದುಕೊಳ್ಳಲು ತಯಾರಿರಲ್ಲ. ದೂರು ಕೊಟ್ಟರೆ ಮುಂದಿನ ಬಂದರಿನಲ್ಲಿ ಇಳಿಸಬಹುದು, ಇಳಿಸಿದರೆ ಸೀ ಟೈಮ್ ಅರ್ಧಕ್ಕೆ ನಿಲ್ಲುತ್ತೆ. ಪುಸ್ತಕಕ್ಕೆ ಸಹಿ ಹಾಕಬೇಕಾದವನೇ ಕಿರುಕುಳ ಕೊಡುವವನಾಗಿದ್ದರೆ?

ಇದು ಊಹೆಯ ಪ್ರಶ್ನೆಯಲ್ಲ. ನ್ಯೂಯಾರ್ಕ್ ರಾಜ್ಯದ ಕಿಂಗ್ಸ್ ಪಾಯಿಂಟ್‌ನಲ್ಲಿರುವ ಅಮೆರಿಕದ ಸರ್ಕಾರಿ ಮರ್ಚೆಂಟ್ ಮರೀನ್ ಅಕಾಡೆಮಿಯ ವಿದ್ಯಾರ್ಥಿಗಳು ‘ಸೀ ಇಯರ್’ ಅಂತ ವಾಣಿಜ್ಯ ಹಡಗುಗಳಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಲೈಂಗಿಕ ಕಿರುಕುಳದ ದೂರುಗಳ ಹಿನ್ನೆಲೆಯಲ್ಲಿ 2016ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರಲ್ಲಿ ವಿದ್ಯಾರ್ಥಿನಿಯೊಬ್ಬಳು ‘ಮಿಡ್‌ಶಿಪ್‌ಮನ್ ಎಕ್ಸ್’ ಎಂಬ ಹೆಸರಿನಲ್ಲಿ ಹಡಗಿನಲ್ಲಿ ತನ್ನ ಮೇಲೆ ಅತ್ಯಾಚಾರವಾಯಿತು ಅಂತ ಬರೆದಾಗ ಮತ್ತೆ ನಿಂತಿತು. ಆಮೇಲೆ ಕಂಪನಿಗಳು ಒಪ್ಪಲೇಬೇಕಾದ ಸುರಕ್ಷತಾ ನಿಯಮಗಳು ಬಂದವು. ಸರ್ಕಾರಿ ಅಕಾಡೆಮಿಯ, ದೇಶದ ಕಾನೂನಿನ ರಕ್ಷಣೆ ಇರುವ ಹುಡುಗಿಯ ಪಾಡು ಇದು. ಸಾಲ ಮಾಡಿ ಓದಿ, ಬೇರೆ ದೇಶದ ಬಾವುಟದ ಹಡಗಿನಲ್ಲಿ ಒಬ್ಬಳೇ ಹುಡುಗಿಯಾಗಿ ಹೊರಟವಳು ಯಾರಿಗೆ ದೂರು ಕೊಡಬೇಕು?

ಸೀ ಟೈಮ್ ಲೈಸೆನ್ಸ್ ಸಿಕ್ಕಿದ ಮೇಲೂ ಬಿಡಲ್ಲ. ಸರ್ಟಿಫಿಕೇಟನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಹಿಂದಿನ ಐದು ವರ್ಷದಲ್ಲಿ 12 ತಿಂಗಳು, ಅಥವಾ ಹಿಂದಿನ ಆರು ತಿಂಗಳಲ್ಲಿ ಮೂರು ತಿಂಗಳು ಕಡಲಲ್ಲಿದ್ದಿರಬೇಕು. ಇಲ್ಲವಾದರೆ ಮತ್ತೆ ಪರೀಕ್ಷೆ, ಮತ್ತೆ ಕೋರ್ಸ್. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಸರಿಯೇ. ಆದರೆ ಮೂವತ್ತರ ಆಸುಪಾಸಿನಲ್ಲಿ ಮಗು ಹೆತ್ತು ನಾಲ್ಕು ವರ್ಷ ದಡದಲ್ಲಿ ಉಳಿದ ಹೆಣ್ಣಿಗೂ, ಮನೆಯಲ್ಲಿ ಹೆಂಡತಿ ಮಗು ನೋಡಿಕೊಳ್ಳುತ್ತಿರುವ ಗಂಡಿಗೂ ಅದು ಒಂದೇ ತೂಕದ ನಿಯಮ ಅಂತ ಹೇಳಲಾಗದು.

ಇಂಥ ಲೋಕದಲ್ಲಿ ರಾಧಿಕಾ ಮೆನನ್ ಅವರ ಹಾದಿ ನೆನೆಯಬೇಕು. ಕೇರಳದ ಕೊಡುಂಗಲ್ಲೂರಿನವರು, ಹಡಗು ಹತ್ತಿದ್ದು ರೇಡಿಯೊ ಅಧಿಕಾರಿಯಾಗಿ. 1999ರ ಹೊತ್ತಿಗೆ ಉಪಗ್ರಹ ಆಧರಿತ ಹೊಸ ಸಂಪರ್ಕ ವ್ಯವಸ್ಥೆ ಪೂರ್ತಿ ಜಾರಿಗೆ ಬಂದು, ಹಡಗಿನಲ್ಲಿ ರೇಡಿಯೊ ಅಧಿಕಾರಿ ಎಂಬ ಹುದ್ದೆಗೇ ಕೆಲಸ ಇಲ್ಲದಂತಾಯಿತು. ಅವರು ಡೆಕ್ಕಿನ ಕಡೆಗೆ ಬದಲಾಯಿಸಿಕೊಂಡು, ಅಲ್ಲಿನ ಮೆಟ್ಟಿಲುಗಳನ್ನು ಹತ್ತಿ, 2012ರಲ್ಲಿ ಭಾರತೀಯ ಮರ್ಚೆಂಟ್ ನೇವಿಯ ಮೊದಲ ಮಹಿಳಾ ಕ್ಯಾಪ್ಟನ್ ಆದರು. 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ, ದಿಕ್ಕು ತಪ್ಪಿ ತೇಲುತ್ತಿದ್ದ ‘ದುರ್ಗಮ್ಮ’ ಎಂಬ ಮೀನುಗಾರಿಕೆ ದೋಣಿಯ ಏಳು ಮಂದಿಯನ್ನು ಅವರ ಹಡಗು ರಕ್ಷಿಸಿತು. ಮರುವರ್ಷ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಶೌರ್ಯ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ.

ಕಾನೂನಿನಲ್ಲಿ ತಾಂಡೇಲ

ಮಲ್ಪೆಗೆ ವಾಪಸ್ ಬರೋಣ. ತಾಂಡೇಲರ 5,200 ದಿನಗಳು ಯಾಕೆ ಸೊನ್ನೆ?

ಎಸ್‌ಟಿಸಿಡಬ್ಲ್ಯೂ ಒಪ್ಪಂದದ ಮೂರನೇ ವಿಧಿ ಓದಿ. ಈ ಒಪ್ಪಂದ ನಾಲ್ಕು ಬಗೆಯವರಿಗೆ ಅನ್ವಯಿಸುವುದಿಲ್ಲ: ಯುದ್ಧನೌಕೆಗಳು ಮತ್ತು ಸರ್ಕಾರಿ ಕೆಲಸದ ಹಡಗುಗಳಲ್ಲಿರುವವರು, ಮೀನುಗಾರಿಕೆ ದೋಣಿಗಳಲ್ಲಿರುವವರು, ವ್ಯಾಪಾರಕ್ಕಲ್ಲದ ಮೋಜಿನ ದೋಣಿಯವರು, ಮತ್ತು ‘ಪ್ರಾಚೀನ ರಚನೆಯ ಮರದ ಹಡಗು’ಗಳವರು. ಈ ಕೊನೆಯ ಪದಗುಚ್ಛ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಮಂಗಳೂರಿನ ಹಳೇ ಬಂದರು. ಇವತ್ತಿಗೂ ಅಲ್ಲಿಂದ ಮಂಜಿಗಳು ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ತೆರೆದ ಸಮುದ್ರದಲ್ಲಿ, ರಾತ್ರಿ ಹಗಲು. ಒಪ್ಪಂದ ಬರೆದವರ ಉದ್ದೇಶ ಬಡವರ ದೋಣಿಗಳ ಮೇಲೆ ದುಬಾರಿ ನಿಯಮ ಹೇರಬಾರದು ಎಂದಿರಬಹುದು. ಆದರೆ ಹೊರಗಿಟ್ಟದ್ದು ದೋಣಿಯನ್ನು ಮಾತ್ರವಲ್ಲ, ಅದರ ಮೇಲೆ ಕಲಿತದ್ದನ್ನೂ.

ತಾಂಡೇಲ ಅನ್ನುವ ಪದ ನಮ್ಮ ಕಾನೂನಿಗೆ ಹೊಸದೇನಲ್ಲ. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ವ್ಯಾಖ್ಯೆಗಳಲ್ಲಿ ‘ಟಿಂಡಾಲ್’ ಅಂತ ಒಂದು ಪದವಿದೆ. ಹಾಯಿ ಹಡಗಿನ ಹೊಣೆ ಹೊತ್ತವನು ಅಂತ ಅರ್ಥ. ಬ್ರಿಟಿಷರ ಹಡಗುಗಳಲ್ಲಿ ದುಡಿದ ಲಸ್ಕರ್‌ಗಳ ಸಾಲಿನಲ್ಲಿ ಸರಂಗ, ಅವನ ಕೆಳಗೆ ಟಿಂಡಾಲ್. ಸರಂಗ ಎಷ್ಟೇ ವರ್ಷ ದುಡಿದರೂ ಅಧಿಕಾರಿಗಳ ಮೆಟ್ಟಿಲು ಅವನಿಗೆ ತೆರೆದಿರಲಿಲ್ಲ. ಭಾರತೀಯ ಹುಡುಗರನ್ನು ಅಧಿಕಾರಿಗಳನ್ನಾಗಿ ತಯಾರಿಸಲು ಮುಂಬೈಯಲ್ಲಿ ‘ಡಫರಿನ್’ ತರಬೇತಿ ಹಡಗು ಶುರುವಾದದ್ದೇ 1927ರಲ್ಲಿ. ಭಾರತೀಯ ಒಡೆತನದ ಸಿಂಧಿಯಾದಂಥ ಕಂಪನಿಗಳು ಇದ್ದದ್ದರಿಂದ ಅಲ್ಲಿಂದ ಹೊರಬಂದ ಹುಡುಗರಿಗೆ ಡೆಕ್ಕಿನ ಮೇಲೆ ಜಾಗ ಸಿಕ್ಕಿತು. ತರಬೇತಿ ಒಬ್ಬರ ಕೈಯಲ್ಲಿ, ಹಡಗು ಇನ್ನೊಬ್ಬರ ಕೈಯಲ್ಲಿ ಇದ್ದರೆ ಏನಾಗುತ್ತೆ ಅನ್ನುವುದು ನೂರು ವರ್ಷದ ಹಿಂದೆಯೂ ಗೊತ್ತಿದ್ದ ವಿಷಯ.

ಹಾಗಂತ ತಾಂಡೇಲರಿಗೆ ಯಾವ ದಾರಿಯೂ ಇಲ್ಲ ಅಂತಲ್ಲ. ಮೀನುಗಾರಿಕೆ ಹಡಗಿಗೆಂದೇ ‘ಮೇಟ್’ ಮತ್ತು ‘ಸ್ಕಿಪ್ಪರ್’ ಎಂಬ ಪ್ರತ್ಯೇಕ ಸರ್ಟಿಫಿಕೇಟ್‌ಗಳಿವೆ. 1963ರಿಂದ ಕೊಚ್ಚಿಯಲ್ಲಿರುವ, ಈಗ ಚೆನ್ನೈ ಮತ್ತು ವಿಶಾಖಪಟ್ಟಣದಲ್ಲೂ ಶಾಖೆಗಳಿರುವ ಸಿಫ್‌ನೆಟ್ ಸಂಸ್ಥೆ ಅದಕ್ಕೆ ತರಬೇತಿ ಕೊಡುತ್ತೆ. ಆದರೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟು ಹತ್ತಿದವರು, ಸೀಸನ್ ಮಧ್ಯೆ ಸಂಪಾದನೆ ಬಿಟ್ಟು, ಬೇರೆ ರಾಜ್ಯಕ್ಕೆ ಹೋಗಿ, ಬೇರೆ ಭಾಷೆಯಲ್ಲಿ ಕಲಿತು ಪರೀಕ್ಷೆ ಬರೆಯಬೇಕು. ನಾನು ಈ ವಿಷಯ ಎತ್ತಿದಾಗ ಮಲ್ಪೆಯ ಆ ತಾಂಡೇಲರು ನಕ್ಕರು. ಬೋಟು ನಡೆಸಲು ಯಾರೂ ಕೇಳದ ಕಾಗದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅನ್ನುವುದು ಅವರ ಪ್ರಶ್ನೆ.

ಹಾಗಾದ್ರೆ ಎಣಿಕೆಯೇ ಬೇಡವೇ?

ಬೇಕು. ಇಲ್ಲಿ ನನ್ನ ನಿಲುವು ಸ್ಪಷ್ಟ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮುಳುಗಿ 22 ಜನ ಹೋದರು, ಹೆಚ್ಚಿನವರು ಮಕ್ಕಳು. ಅದು ಮೀನುಗಾರಿಕೆ ದೋಣಿಯನ್ನೇ ಮಾರ್ಪಡಿಸಿ ಮಾಡಿದ ಪ್ರವಾಸಿ ದೋಣಿ. ಎಷ್ಟು ಜನ ಹತ್ತಿದರೆ ದೋಣಿಯ ತೂಕದ ಕೇಂದ್ರ ಎಲ್ಲಿಗೆ ಏರುತ್ತೆ, ಎಲ್ಲರೂ ಫೋಟೊ ತೆಗೆಯಲು ಒಂದೇ ಬದಿಗೆ ಬಂದರೆ ಏನಾಗುತ್ತೆ, ಕತ್ತಲಾದ ಮೇಲೆ ಯಾಕೆ ಹೊರಡಬಾರದು, ಇದೆಲ್ಲ ಕಲಿಯಬೇಕಾದ ವಿದ್ಯೆ. ‘ಸರ್, ನಮಗೆ ಅನುಭವ ಇದೆ’ ಅನ್ನುವ ಮಾತಿಗೆ ಜನರ ಜೀವ ಒಪ್ಪಿಸಲಾಗದು.

ಮೀನು ಹಿಡಿಯುವ 5,200 ದಿನ, ಎರಡು ಲಕ್ಷ ಟನ್ನಿನ ತೈಲ ಹಡಗು ನಡೆಸುವ 5,200 ದಿನಕ್ಕೆ ಸಮ ಅಂತಲೂ ನಾನು ಹೇಳಲ್ಲ. ಅಂಥ ಹಡಗು ಪೂರ್ತಿ ನಿಲ್ಲಲು ಮೈಲಿಗಟ್ಟಲೆ ದೂರ ಬೇಕು. ಸರಕಿನ ರಸಾಯನ, ಹಡಗಿನ ಸಮತೋಲನದ ಲೆಕ್ಕ, ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮ, ಇವೆಲ್ಲ ಬೋಟಿನ ಮೇಲೆ ತಾನಾಗಿ ಬರುವುದಿಲ್ಲ. ಆದರೆ ಸಮ ಅಲ್ಲ ಅನ್ನುವುದಕ್ಕೂ, ಸೊನ್ನೆ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮಳೆಗಾಲದ ಮುಂಚಿನ ಗಾಳಿಯಲ್ಲಿ ಗಂಗೊಳ್ಳಿ ಅಳಿವೆ ಬಾಗಿಲಲ್ಲಿ ಬೋಟು ಒಳಗೆ ತರುವಾಗ ಯಾವ ಅಲೆಯ ಬೆನ್ನೇರಬೇಕು, ಯಾವುದನ್ನು ಬಿಡಬೇಕು ಅನ್ನುವ ಅಂದಾಜು ಸಿಮ್ಯುಲೇಟರಿನಲ್ಲಿ ಮೂರು ವಾರ ಕೂತರೆ ಬರಲ್ಲ. ಕೆಡೆಟ್‌ಗೆ 12 ತಿಂಗಳು ಕಡಲಿಗೆ ಹೋಗು ಅಂತ ಹೇಳುವುದೇ ಇಂಥ ಅಂದಾಜು ಬರಲಿ ಅಂತ ಅಲ್ವಾ?

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಬೋಟುಗಳು ನೋಂದಣಿಯಾಗಿವೆ, ಬಂದರಿನಿಂದ ಹೋಗಿ ಬಂದ ದಾಖಲೆ ಇಡಬಹುದು, ಕಲಾಸಿಗೂ ತಾಂಡೇಲನಿಗೂ ಒಂದೊಂದು ಸೇವಾ ಪುಸ್ತಕ ಕೊಡಬಹುದು. ಪ್ರವಾಸಿ ದೋಣಿಗೋ ಕರಾವಳಿಯ ಸಣ್ಣ ಸರಕು ಹಡಗಿಗೋ ಅರ್ಜಿ ಹಾಕಿದಾಗ ಆ ದಿನಗಳ ಒಂದು ಪಾಲನ್ನು ಲೆಕ್ಕಕ್ಕೆ ಹಿಡಿದು, ಉಳಿದದ್ದಕ್ಕೆ ಕನ್ನಡದಲ್ಲೇ ಪಾಠ, ಕನ್ನಡದಲ್ಲೇ ಮೌಖಿಕ ಪರೀಕ್ಷೆ. ನಿಷೇಧದ ಆ 61 ದಿನ ತಾಂಡೇಲರೆಲ್ಲ ದಡದಲ್ಲೇ ಇರುತ್ತಾರೆ, ಬಲೆ ಹೆಣೆಯುತ್ತಾ. ಕೋರ್ಸಿಗೆ ಅದಕ್ಕಿಂತ ಒಳ್ಳೆ ಸಮಯ ಯಾವುದು? 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯ್ದೆ ಬಂತು, 1917ರ ಕಾಯ್ದೆ ಹೋಯಿತು. 2025ರ ಆಗಸ್ಟ್‌ನಲ್ಲಿ 1958ರ ಕಾಯ್ದೆಯ ಜಾಗಕ್ಕೆ ಹೊಸ ಮರ್ಚೆಂಟ್ ಶಿಪ್ಪಿಂಗ್ ಮಸೂದೆಯನ್ನು ಸಂಸತ್ತು ಪಾಸು ಮಾಡಿತು. ಕಾಯ್ದೆ ಬದಲಾಗುವ ಕಾಲದಲ್ಲೇ ನಿಯಮಗಳೂ ಬದಲಾಗಬೇಕು. ಕರಾವಳಿಯ ಶಾಸಕರು, ಸಂಸದರು ಬಂದರಿಗೆ ಬಂದು ಬೋಟಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡಾಗ ಕೇಳಬೇಕಾದ ಪ್ರಶ್ನೆ ಇದು.

ಕೆಡೆಟ್‌ಗಳ ವಿಷಯದಲ್ಲಿ ಇನ್ನೂ ಸರಳ. ಹಡಗಿನ ಜಾಗ ಖಾತ್ರಿ ಇಲ್ಲದ ಸಂಸ್ಥೆಗೆ ಸೀಟು ಹೆಚ್ಚಿಸಲು ಬಿಡಬಾರದು. ಎಷ್ಟು ಮಂದಿ ಪಾಸಾದರು ಅನ್ನುವ ಬ್ರೋಷರ್ ಬೇಡ, ಎಷ್ಟು ಮಂದಿ ಸೀ ಟೈಮ್ ಮುಗಿಸಿದರು ಅನ್ನುವ ಪಟ್ಟಿಯನ್ನು ಪ್ರತಿ ಸಂಸ್ಥೆಯೂ ಪ್ರಕಟಿಸಲಿ.

ನನ್ನ ಗೆಳೆಯನಿಗೆ ಕೊನೆಗೂ ಹಡಗು ಸಿಕ್ಕಿತು, ಪರೀಕ್ಷೆ ಪಾಸಾದ, ಈಗ ಸೆಕೆಂಡ್ ಇಂಜಿನಿಯರ್. ಮನೆಯ ಸಾಲ ತೀರಿದೆ. ಆ ಹದಿನೆಂಟು ತಿಂಗಳ ಬಗ್ಗೆ ಕೇಳಿದರೆ ಮಾತು ಬದಲಾಯಿಸುತ್ತಾನೆ.

ಮಲ್ಪೆಯ ತಾಂಡೇಲರ ಮಗ ಪಿಯುಸಿ ಮುಗಿಸಿ ರೇಟಿಂಗ್ ಕೋರ್ಸ್ ಮಾಡಿದ್ದಾನೆ. ಹಡಗಿನಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ಹುದ್ದೆ. ಅಲ್ಲಿಂದ 36 ತಿಂಗಳು ಸೀ ಟೈಮ್ ಕೂಡಿಸಿಕೊಂಡು ಅಧಿಕಾರಿಯ ಪರೀಕ್ಷೆ ಬರೆಯುವುದು ಅವನ ಯೋಜನೆ. ಹತ್ತನೇ ಕ್ಲಾಸಿನಿಂದ ಪ್ರತಿ ರಜೆಯಲ್ಲೂ ಅಪ್ಪನ ಬೋಟಿನಲ್ಲಿ ಹೋಗಿ ಬಂದವನು. ಫಿಶ್ ಫೈಂಡರ್ ಓದುತ್ತಾನೆ, ವೈರ್‌ಲೆಸ್‌ನಲ್ಲಿ ಮಾತಾಡುತ್ತಾನೆ, ರಾತ್ರಿ ಚುಕ್ಕಾಣಿ ಹಿಡಿದಿದ್ದಾನೆ. ಕಳೆದ ಸಲ ಫೋನ್ ಮಾಡಿದಾಗ ಕೋರ್ಸ್ ಮುಗಿದು ಒಂಬತ್ತು ತಿಂಗಳಾಗಿತ್ತು. ಆಗಸ್ಟ್ 1ಕ್ಕೆ ಬೋಟುಗಳು ಇಳಿಯುತ್ತವೆ. ಅಷ್ಟರೊಳಗೆ ಕಂಪನಿಯಿಂದ ಕರೆ ಬರದಿದ್ದರೆ ಈ ಸೀಸನ್‌ಗೂ ಅಪ್ಪನ ಜತೆಗೇ ಹೋಗ್ತಾನಂತೆ.